ತೊಂಬತ್ತೊಂಬತ್ತು ರೂಪಾಯಿಯ ಗೇಣಿ ಚೀಟಿ

ದಸರೆ ಹತ್ತಿರವಾದಾಗ ಸೀರೆಯಂಗಡಿಗಳಿಗೆ ಬರುವ ಔದಾರ್ಯ ಈಗ ಡೊಮೇನ್, ಎಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಮಾರುವವರಿಗೂ ಬಂದಿದೆ. ‘ನಿಮ್ಮ ವ್ಯಾಪಾರಕ್ಕೊಂದು ಹೆಸರು, ಕೇವಲ 99 ರೂಪಾಯಿಗೆ’ ಎಂಬ ಜಾಹೀರಾತನ್ನು ಈ ವಾರ ನಾನು ಮನೆಯವರ ಮುಖಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. 99ರ ನೆತ್ತಿಯ ಮೇಲೊಂದು ಪುಟ್ಟ ನಕ್ಷತ್ರವಿದೆ. ಅದರ ಬೆನ್ನು ಹತ್ತಿ ಪುಟದ ತಳಕ್ಕೆ ಇಳಿದರೆ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ, ಈ ದರವು ಮೊದಲ ವರ್ಷಕ್ಕೆ ಮಾತ್ರವೆಂದೂ, ಅದೂ ಮೂರು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದವರಿಗೆ ಮಾತ್ರವೆಂದೂ, ಉಳಿದೆರಡು ವರ್ಷಕ್ಕೆ ‘ಸಾಮಾನ್ಯ ದರ’ವೆಂದೂ, ಶೇ 18ರ ಜಿಎಸ್‌ಟಿ ಬೇರೆಯೆಂದೂ ಬರೆದಿದೆ. ನಕ್ಷತ್ರ ಕೂಡಿಬರದೆ ಮಗಳನ್ನು ಕೊಡದ ನಾವು, ಬೆಲೆಯ ಮೇಲಿನ ನಕ್ಷತ್ರವನ್ನು ನೋಡದೆಯೇ ಕಾರ್ಡಿನ ನಂಬರು ಕೊಡುತ್ತೇವೆ.

ನಾನೂ ಕೊಟ್ಟವನೇ, ಮೂರು ವರ್ಷದ ಷರತ್ತು ಇನ್ನೂ ಇಲ್ಲದ ಕಾಲದಲ್ಲಿ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ತಂಗಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾಳೆ. ‘ಅಣ್ಣ, ಎಲ್ಲರೂ ವೆಬ್‌ಸೈಟ್ ಇದೆಯಾ ಅಂತ ಕೇಳ್ತಾರೆ’ ಎಂದಳು. ಅಣ್ಣನಾದವನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಏನು ಮಾಡುತ್ತಾನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿಯದಿದ್ದರೂ, ಇಂಥದ್ದನ್ನೆಲ್ಲ ಮಾಡಿಕೊಡಬಲ್ಲನೆಂಬ ನಂಬಿಕೆಯಂತೂ ಇದೆ. ಹೆಸರು ಹುಡುಕುವುದರಲ್ಲೇ ಒಂದು ಸಂಜೆ ಕಳೆಯಿತು, ಏಕೆಂದರೆ ಅಪ್ಪೆಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎಷ್ಟು ‘ಪಿ’ ಹಾಕಬೇಕೆಂಬ ಬಗ್ಗೆ ಮನೆಯಲ್ಲಿ ಒಮ್ಮತ ಮೂಡಲಿಲ್ಲ. ಕನ್ನಡದಲ್ಲೇ ಕೊಳ್ಳಬಹುದಿತ್ತು ಎನ್ನುವವರಿಗೆ ನನ್ನ ನಮಸ್ಕಾರ. ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಇದೆ, ನಾವು ಅದಕ್ಕೆ ಹೆಮ್ಮೆಪಡಬೇಕು. ಆದರೆ ಆ ವಿಳಾಸವನ್ನು ನಕಲು ಮಾಡಿ ಇನ್ನೊಂದೆಡೆ ಅಂಟಿಸಿದರೆ, ಎಷ್ಟೋ ಸಲ ಅದು ‘ಎಕ್ಸ್ ಎನ್ ಅಡ್ಡಗೆರೆ ಅಡ್ಡಗೆರೆ’ ಎಂದು ಶುರುವಾಗುವ, ಯಾವ ಭಾಷೆಯೂ ಅಲ್ಲದ ಮಂತ್ರವಾಗಿ ಹೊರಬರುತ್ತದೆ. ಆ ಮಂತ್ರವನ್ನು ಉಪ್ಪಿನಕಾಯಿಯ ಗಿರಾಕಿಗೆ ಫೋನಿನಲ್ಲಿ ಹೇಳಿ ಬರೆಸುವ ಧೈರ್ಯ ತಂಗಿಗೆ ಇರಲಿಲ್ಲ. ಕೊನೆಗೆ ಡಾಟ್ ಕಾಮ್‌ಗೇ ಬಂದೆವು.

ಹಣ ಕಟ್ಟುವ ಪುಟ ನಿಜಕ್ಕೂ ನೋಡುವಂಥದ್ದು. ಒಂದು ಹೆಸರು ಬೇಕೆಂದವನ ಬುಟ್ಟಿಯಲ್ಲಿ, ಅವನು ಕೇಳುವ ಮೊದಲೇ, ಖಾಸಗಿತನದ ರಕ್ಷಣೆ, ಸೈಟಿಗೂ ಗಿರಾಕಿಗೂ ನಡುವಿನ ಮಾತನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ ಪ್ರಮಾಣಪತ್ರ, ಐದು ಇಮೇಲ್ ಪೆಟ್ಟಿಗೆಗಳು ಮತ್ತು ವೆಬ್‌ಸೈಟ್ ಕಟ್ಟುವ ಉಪಕರಣಗಳು ಟಿಕ್ ಹಾಕಿಸಿಕೊಂಡು ಸಾಲಾಗಿ ಕುಳಿತಿದ್ದವು. ಆ ಪ್ರಮಾಣಪತ್ರವನ್ನು ಲಾಭದ ಉದ್ದೇಶವಿಲ್ಲದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ 2015ರ ಡಿಸೆಂಬರಿನಿಂದ ಜಗತ್ತಿಗೆಲ್ಲ ಪುಕ್ಕಟೆಯಾಗಿ ಹಂಚುತ್ತಿದೆಯೆಂಬ ಸಂಗತಿಯನ್ನು ಆ ಪುಟ ಸಂಕೋಚದಿಂದ ಹೇಳಿರಲಿಲ್ಲ. ಹೀಗೆ ಕೇಳದ ಸರಕನ್ನು ಬುಟ್ಟಿಗೆ ತುರುಕುವುದಕ್ಕೆ ‘ಬಾಸ್ಕೆಟ್ ಸ್ನೀಕಿಂಗ್’ ಎಂಬ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದ 13 ಕುಯುಕ್ತಿಗಳಲ್ಲಿ ಅದೂ ಒಂದು. ಅದಕ್ಕೊಂದು ಅಧಿಕೃತ ಹೆಸರು ಸಿಕ್ಕಿತಲ್ಲ, ಅದಕ್ಕೆ ಸರ್ಕಾರವನ್ನು ಅಭಿನಂದಿಸೋಣ. ನಾನು ಒಂದೊಂದೇ ಟಿಕ್ ತೆಗೆದೆ. ಪ್ರತಿ ಸಲವೂ ‘ಅಪಾಯಕ್ಕೆ ಒಡ್ಡಿಕೊಳ್ಳಲು ನನಗೆ ಅಭ್ಯಂತರವಿಲ್ಲ’ ಎಂಬರ್ಥದ ಗುಂಡಿಯನ್ನು ಒತ್ತಿಸಿಕೊಂಡು ಪುಟ ಮುಂದಕ್ಕೆ ಬಿಟ್ಟಿತು. ಕೊನೆಯಲ್ಲಿ 116 ರೂಪಾಯಿ 82 ಪೈಸೆ ಕಟ್ಟಿ, ಗೆದ್ದೆನೆಂದು ಬೀಗಿದೆ. ಮರುವರ್ಷದ ಬಿಲ್ಲು 1,299 ರೂಪಾಯಿ, ಅದರ ಮರುವರ್ಷದ್ದು 1,499. ಎರಡಕ್ಕೂ ಜಿಎಸ್‌ಟಿ ಬೇರೆ.

ಇದರ ಲೆಕ್ಕ ಗುಟ್ಟಿನದೇನಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ಖಾತೆ ಪುಸ್ತಕ ಇರುವುದು ಅಮೆರಿಕದ ವರ್ಜೀನಿಯಾದ ವೆರಿಸೈನ್ ಎಂಬ ಒಂದೇ ಕಂಪನಿಯ ಬಳಿ. 15 ಕೋಟಿಗೂ ಹೆಚ್ಚು ಹೆಸರುಗಳಿಂದ ಅದು ವರ್ಷ ವರ್ಷ ಕಾಣಿಕೆ ಎತ್ತುತ್ತದೆ. ಬಹಳ ಕಾಲ 7.85 ಡಾಲರಿನಲ್ಲಿ ನಿಂತಿದ್ದ ಸಗಟು ದರವನ್ನು 2021ರಿಂದ ನಾಲ್ಕು ವರ್ಷ, ವರ್ಷಕ್ಕೆ ಶೇ 7ರಂತೆ ಏರಿಸಿ, 2024ರ ಸೆಪ್ಟೆಂಬರಿನಲ್ಲಿ 10.26 ಡಾಲರಿಗೆ ತಂದು ನಿಲ್ಲಿಸಿತು. ಮೇಲುಸ್ತುವಾರಿಯ ಐಕ್ಯಾನ್ ಸಂಸ್ಥೆಗೆ ಇದಲ್ಲದೆ ಕೆಲವು ಸೆಂಟ್‌ಗಳು ಸಲ್ಲಬೇಕು. ರೂಪಾಯಿಯಲ್ಲಿ ಹೇಳುವುದಾದರೆ, ಮಾರುವವನಿಗೇ 850ಕ್ಕಿಂತ ಹೆಚ್ಚು ಬೀಳುವ ಸರಕನ್ನು ಅವನು ನಮಗೆ 99ಕ್ಕೆ ಕೊಡುತ್ತಿದ್ದಾನೆ. ಅಂಥ ಧರ್ಮಾತ್ಮರು ಮಠಗಳಲ್ಲೂ ಸಿಗುವುದು ಕಷ್ಟ. ಕಾಸಿಗೆ ತಕ್ಕ ಕಜ್ಜಾಯವೆಂದು ಕೇಳಿ ಬೆಳೆದ ನಮಗೆ, ಕಾಸಿಗೆ ಮೀರಿದ ಕಜ್ಜಾಯ ಸಿಕ್ಕಾಗಲಾದರೂ ಅದರ ಉಳಿದ ಕಾಸು ಯಾರ ಜೇಬಿನಿಂದ ಬರಲಿದೆಯೆಂಬ ಅನುಮಾನ ಹುಟ್ಟಬೇಕಿತ್ತು.

ತಂಗಿಯ ಊರಿನಿಂದ ಕಾಗೋಡು ದೂರವೇನಲ್ಲ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ತಕರಾರಿನ ಮೂಲ ಕೊಳಗವೇ ಆಗಿತ್ತು: ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬುದು. ಡೊಮೇನ್ ವ್ಯಾಪಾರವೂ ಎರಡು ಕೊಳಗದ ವ್ಯಾಪಾರವೇ, ಹೆಸರು ಕೊಡುವಾಗ ಒಂದು, ನವೀಕರಣಕ್ಕೆ ಅಳೆಸಿಕೊಳ್ಳುವಾಗ ಇನ್ನೊಂದು. ಜಾಹೀರಾತಿನವರು ‘ಕೊಳ್ಳಿ’, ‘ನಿಮ್ಮದಾಗಿಸಿಕೊಳ್ಳಿ’ ಎಂದು ಎಷ್ಟೇ ಹೇಳಿದರೂ, ಡೊಮೇನನ್ನು ಯಾರೂ ಕೊಳ್ಳುವುದಿಲ್ಲ. ಒಂದು ವರ್ಷಕ್ಕೋ, ಹೆಚ್ಚೆಂದರೆ ಒಮ್ಮೆಗೆ ಹತ್ತು ವರ್ಷಕ್ಕೋ ಗೇಣಿಗೆ ಹಿಡಿಯುತ್ತಾರೆ. ಭೂಮಿಯ ಗೇಣಿಗೆ 1974ರ ಭೂಸುಧಾರಣೆಯಲ್ಲಿ ಒಡೆತನ ಕೇಳಿ ಅರ್ಜಿ ಹಾಕಲು ಫಾರಂ ನಂಬರ್ 7 ಇತ್ತು, ಭೂನ್ಯಾಯ ಮಂಡಳಿ ಇತ್ತು, ಉಳುವವನೇ ಹೊಲದೊಡೆಯ ಎಂಬ ಘೋಷಣೆ ಇತ್ತು. ಹೆಸರನ್ನು ಹತ್ತು ವರ್ಷ ಉತ್ತು ಬೆಳೆದವನು ಫಾರಂ ತುಂಬಿಕೊಂಡು ವರ್ಜೀನಿಯಾಕ್ಕೆ ಹೋಗಬೇಕೇ ಎಂದು ಕೇಳಿದರೆ, ಮಾರಾಟಗಾರರ ಚಾಟ್ ಕಿಟಕಿಯಲ್ಲಿರುವ ಯಂತ್ರವು ‘ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ’ ಎನ್ನುತ್ತದೆ.

ಹಾಗಾದರೆ ಪುಕ್ಕಟೆಯದ್ದನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಅವರಿಗಾಗಿ ಟೊಕೆಲಾವ್ ದ್ವೀಪಗಳ ಕಥೆಯನ್ನು ಹೇಳಲೇಬೇಕು. ನ್ಯೂಜಿಲೆಂಡಿಗೆ ಸೇರಿದ, ಪೆಸಿಫಿಕ್ ಸಾಗರದ ಮೂರು ಹವಳದ ದಿಬ್ಬಗಳು. ಜನಸಂಖ್ಯೆ 1,500ರ ಆಸುಪಾಸು, ಎಂದರೆ ನಮ್ಮಲ್ಲಿ ಒಂದು ಮದುವೆಯ ಊಟದ ಪಂಕ್ತಿಗಳಷ್ಟು. ಆ ದ್ವೀಪಗಳ ‘ಡಾಟ್ ಟಿಕೆ’ ಒಂದು ಕಾಲಕ್ಕೆ ದೇಶವಾರು ವಿಳಾಸಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನದಲ್ಲಿತ್ತು, ಏಕೆಂದರೆ ಫ್ರೀನಾಮ್ ಎಂಬ ಕಂಪನಿ ಅದನ್ನು ಪ್ರಸಾದದಂತೆ ಹಂಚುತ್ತಿತ್ತು. ಪುಕ್ಕಟೆ ಹೆಸರಿನ ಒಡೆತನ ಕಂಪನಿಯ ಬಳಿಯೇ ಉಳಿಯುತ್ತಿತ್ತು. ಪಡೆದವನಿಗೆ ಬಳಸುವ ಅನುಮತಿ ಮಾತ್ರ. ಪ್ರಸಾದದ ಸಾಲಿನಲ್ಲಿ ಭಕ್ತರಿಗಿಂತ ವಂಚಕರೇ ಹೆಚ್ಚಾದರು. ಫೇಸ್‌ಬುಕ್ಕಿನ ಒಡೆಯ ಮೆಟಾ ಕಂಪನಿ ಮೊಕದ್ದಮೆ ಹೂಡಿತು, 2023ರಲ್ಲಿ ಹೊಸ ನೋಂದಣಿ ನಿಂತಿತು, 2024ರ ಫೆಬ್ರುವರಿಯಲ್ಲಿ ಫ್ರೀನಾಮ್ ಈ ವ್ಯಾಪಾರದಿಂದಲೇ ಕೈತೊಳೆದುಕೊಳ್ಳುವುದಾಗಿ ಸಾರಿತು. ಹೆಸರು ಪಡೆದಿದ್ದ ವಿದ್ಯಾರ್ಥಿಗಳೂ ಸಣ್ಣಪುಟ್ಟ ಸಂಘಗಳೂ ಎಲೆ ಹಿಡಿದುಕೊಂಡು ನಿಂತವು.

ನಮ್ಮ ಹೆಸರು ಹೋದದ್ದು ಇಷ್ಟು ಘನವಾದ ಕಾರಣಕ್ಕಲ್ಲ. ‘ಆಟೊ ರಿನ್ಯೂ’ ಎಂಬ, ತಾನಾಗಿಯೇ ನವೀಕರಿಸುವ ಗುಂಡಿಯನ್ನು ನಾನು ಮೊದಲ ದಿನವೇ ಹಸಿರು ಮಾಡಿಟ್ಟಿದ್ದೆ. ಮೊದಲೆರಡು ಬಿಲ್ಲುಗಳನ್ನು ಕೈಯಾರೆ ಕಟ್ಟಿ, ಮೂರನೆಯದನ್ನು ಗುಂಡಿಗೆ ಒಪ್ಪಿಸಿದೆ. 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಕಾರ್ಡಿನಿಂದ ತಾನಾಗಿಯೇ ಹಣ ಎಳೆದುಕೊಳ್ಳಬೇಕಾದರೆ ಗ್ರಾಹಕನ ಒಪ್ಪಿಗೆ ಮೊದಲು ಬ್ಯಾಂಕಿನಲ್ಲಿ ನೋಂದಣಿಯಾಗಿರಬೇಕು, 24 ಗಂಟೆ ಮುಂಚೆ ಸೂಚನೆಯೂ ಬರಬೇಕು. ಒಳ್ಳೆಯ ನಿಯಮ. ನಮ್ಮ ಮಾರಾಟಗಾರರು ಅದನ್ನು ನೋಂದಾಯಿಸುವ ಗೋಜಿಗೇ ಹೋಗಿರಲಿಲ್ಲ. ಹಣ ಹೋಗಲಿಲ್ಲ, ಗುಂಡಿ ಮಾತ್ರ ಹಸಿರಾಗಿಯೇ ಇತ್ತು. ಎಚ್ಚರಿಕೆಯ ಇಮೇಲ್ ಬಂದಿತ್ತೆಂಬುದು ನಿಜ. ದಿನಕ್ಕೆ ಮೂರರಂತೆ ಅವರೇ ಕಳಿಸುವ ‘ಕೊನೆಯ ಅವಕಾಶ’ದ ಇಮೇಲ್‌ಗಳ ನಡುವೆ, ನಿಜವಾದ ಕೊನೆಯ ಅವಕಾಶ ಯಾವುದೆಂದು ನನಗೆ ತಿಳಿಯಲಿಲ್ಲ.

ಸತ್ತ ಮನುಷ್ಯನಿಗೆ ನಮ್ಮಲ್ಲಿ ಹದಿಮೂರು ದಿನದ ಕರ್ಮ. ಸತ್ತ ಡೊಮೇನಿನದು ಇನ್ನೂ ದೀರ್ಘ. ಅವಧಿ ಮುಗಿದ ಮೇಲೆ 45 ದಿನಗಳವರೆಗೆ ಹಳೆಯ ದರಕ್ಕೆ ಉಳಿಸಿಕೊಳ್ಳುವ ಅವಕಾಶ ಇರಬಹುದು, ಅದು ಮಾರಾಟಗಾರನ ಮರ್ಜಿ. ಆಮೇಲೆ 30 ದಿನ ‘ರಿಡೆಂಪ್ಶನ್’, ಎಂದರೆ ವಿಮೋಚನೆಯ ಕಾಲ. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ, ಹೆಸರು ಅಳಿಯುವುದಕ್ಕಾಗಿ ಕಾಯುತ್ತ ಮಲಗಿರುತ್ತದೆ. ಗಿರಾಕಿಯೊಬ್ಬರು ‘ನಿಮ್ಮ ಸೈಟ್ ತೆರೆಯುತ್ತಿಲ್ಲ’ ಎಂದು ತಂಗಿಗೆ ಹೇಳುವಷ್ಟರಲ್ಲಿ ನಾವು ವಿಮೋಚನೆಯ ಹಂತದಲ್ಲಿದ್ದೆವು. ವಿಮೋಚನಾ ಶುಲ್ಕ 8,000 ರೂಪಾಯಿ, ಜಿಎಸ್‌ಟಿ 1,440, ಒಟ್ಟು 9,440; ನವೀಕರಣದ ಹಣ ಅದರ ಮೇಲೆ.

ಈ ಎಂಟು ಸಾವಿರ ಯಾತಕ್ಕೆ? ಒಂದು ಪಟ್ಟಿಯಲ್ಲಿ ಒಂದು ಸಾಲನ್ನು ತಿರುಗಿ ಸೇರಿಸುವುದಕ್ಕೆ. ಅದಕ್ಕೆ ಕಲ್ಲು, ಮರಳು, ಆಳು ಯಾವುದೂ ಬೇಕಿಲ್ಲ. ತಂಗಿಗೆ ಕಿಲೋ ಉಪ್ಪಿನಕಾಯಿಗೆ ಉಳಿಯುವುದು 60 ರೂಪಾಯಿ. 9,440 ರೂಪಾಯಿ ದುಡಿಯಲು 158 ಕಿಲೋ ಉಪ್ಪಿನಕಾಯಿಗೆ ಬೇಕಾಗುವಷ್ಟು ಮಿಡಿ ಕೊಯ್ಯಿಸಿ, ತೊಳೆದು, ಉಪ್ಪಿನಲ್ಲಿ ಹಾಕಿ, ಸಾಸಿವೆ ಅರೆದು, ಭರಣಿಗೆ ತುಂಬಬೇಕು. ಮಿಡಿ ಸಿಗುವುದೇ ವರ್ಷದಲ್ಲಿ ಕೆಲವೇ ವಾರ. ಇದನ್ನೆಲ್ಲ ಮಾರಾಟಗಾರರಿಗೆ ಬರೆದು ಕಳಿಸಿದೆ. ಉತ್ತರವಾಗಿ ತಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರೆಂದು ಕೇಳಿದರು. ನನಗೆ ಅಂದಿನಿಂದ ಈ ನಕ್ಷತ್ರಗಳೆಂದರೆ ಆಗುವುದಿಲ್ಲ.

ಇದೇ ಲೋಕದಲ್ಲಿ, 2015ರ ಸೆಪ್ಟೆಂಬರಿನಲ್ಲಿ, ಕಛ್ ಮೂಲದ ಯುವಕನೊಬ್ಬ ಗೂಗಲ್ ಡಾಟ್ ಕಾಮ್ ಎಂಬ ಹೆಸರನ್ನೇ, ಗೂಗಲ್‌ನದೇ ಅಂಗಡಿಯಲ್ಲಿ, 12 ಡಾಲರಿಗೆ ಕೊಂಡಿದ್ದ. ಸುಮಾರು ಒಂದು ನಿಮಿಷ ಅವನ ಬಳಿ ಇತ್ತು. ಆಮೇಲೆ ಮಾರಾಟ ರದ್ದಾಯಿತು, 12 ಡಾಲರ್ ಹಿಂದಕ್ಕೆ ಹೋಯಿತು, 6,006.13 ಡಾಲರ್ ಬಹುಮಾನವೂ ಘೋಷಣೆಯಾಯಿತು. ಆತ ಅದನ್ನು ದಾನಕ್ಕೆ ಕೊಟ್ಟದ್ದರಿಂದ ಗೂಗಲ್ ಮೊತ್ತವನ್ನು ಇಮ್ಮಡಿ ಮಾಡಿತು. ಹಣ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ಗೆ ಸಂದಿತು. ಗೂಗಲ್‌ನ ಹೆಸರಿಗೆ ಒಂದು ನಿಮಿಷದಲ್ಲಿ, ಶುಲ್ಕವಿಲ್ಲದೆ, ವಿಮೋಚನೆ. ಆ ಅಂಗಡಿಯನ್ನೇ ಗೂಗಲ್ 2023ರಲ್ಲಿ, ಸುಮಾರು ಒಂದು ಕೋಟಿ ಹೆಸರುಗಳ ಸಮೇತ, ಸ್ಕ್ವೇರ್‌ಸ್ಪೇಸ್ ಎಂಬ ಕಂಪನಿಗೆ ಮಾರಿತು. ಗೇಣಿದಾರರನ್ನು ಯಾರೂ ಕೇಳಲಿಲ್ಲ; ಕೇಳುವ ಪದ್ಧತಿಯೂ ಇಲ್ಲ.

ಈಗ ನೆಂಟರಿಷ್ಟರೆಲ್ಲ ನನ್ನನ್ನು ಈ ವಿಷಯದಲ್ಲಿ ಪಂಡಿತನೆಂದು ತಿಳಿದಿದ್ದಾರೆ. ನಾನು ಹೇಳುವುದು ಇಷ್ಟೇ: ಮೊದಲ ವರ್ಷದ ದರವನ್ನು ಬೆರಳಿನಿಂದ ಮುಚ್ಚಿ ನವೀಕರಣದ ದರವನ್ನು ಮಾತ್ರ ಓದಿ. ಡಾಟ್ ಆನ್‌ಲೈನ್, ಡಾಟ್ ಸ್ಟೋರ್ ಮುಂತಾದ ಸೊಗಸಿನ ಬಾಲಗಳಿಗೆ ಅದು ಡಾಟ್ ಕಾಮ್‌ಗಿಂತ ಎಷ್ಟೋ ಹೆಚ್ಚು. ಸಗಟು ದರಕ್ಕೇ ಕೊಡುವ ಕ್ಲೌಡ್‌ಫ್ಲೇರ್‌ನಂಥ ಕಡೆಯೂ ಉಂಟು, ಹೆಸರಿನಿಂದ ಸೈಟಿಗೆ ದಾರಿ ತೋರಿಸುವ ಅವರ ನೇಮ್‌ಸರ್ವರ್‌ಗಳನ್ನೇ ಬಳಸಬೇಕೆಂಬ ಷರತ್ತಿನೊಂದಿಗೆ. ಮಾರಾಟಗಾರನನ್ನು ಬದಲಿಸಬೇಕೆಂದರೆ ಕೊಂಡ ಮೇಲೆ 60 ದಿನ ಕಾದು, ವರ್ಗಾವಣೆಯ ಗುಪ್ತ ಸಂಕೇತವನ್ನು ಕೇಳಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ವೆಬ್‌ಸೈಟ್ ಮಾಡಿಕೊಡುವ ಹುಡುಗ ‘ನಾನೇ ರಿಜಿಸ್ಟರ್ ಮಾಡಿಕೊಡ್ತೀನಿ ಸಾರ್’ ಎಂದರೆ ಕಾಫಿ ಕೊಟ್ಟು ಕಳಿಸಿ, ಖಾತೆಯನ್ನು ನಿಮ್ಮ ಹೆಸರಿನಲ್ಲೇ ತೆರೆಯಿರಿ. ಆತನ ಫೋನ್ ಸ್ವಿಚ್ ಆಫ್ ಆದ ದಿನ ಗೇಣಿ ಚೀಟಿ ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಾಗುತ್ತದೆ.

ತಂಗಿ ಹಣ ಕಟ್ಟಲಿಲ್ಲ. ವಿಮೋಚನೆಯ 30 ದಿನವೂ ಕೊನೆಯ 5 ದಿನವೂ ಕಳೆದ ಕೂಡಲೇ, ಬಿದ್ದ ಹೆಸರನ್ನು ಹಿಡಿಯಲೆಂದೇ ಕಾದಿದ್ದ ಯಾವುದೋ ಯಂತ್ರ ಅದನ್ನು ಎತ್ತಿಕೊಂಡಿತು. ಈಗ ಆ ವಿಳಾಸದಲ್ಲಿ ರಮ್ಮಿ ಆಟದ ಜಾಹೀರಾತಿದೆ, ಕೆಳಗೆ ‘ಈ ಪ್ರೀಮಿಯಂ ಹೆಸರು ಮಾರಾಟಕ್ಕಿದೆ, 2,395 ಡಾಲರ್’ ಎಂಬ ಸಾಲಿದೆ. ವಿಳಾಸ ಅಚ್ಚಾಗಿರುವ ಲೇಬಲ್‌ಗಳು ಇನ್ನೂ ಸಾವಿರದ ನೂರು ಉಳಿದಿವೆ. ಕಳೆದ ವಾರ ಹೋದಾಗ ಅವಳು ಜಗಲಿಯಲ್ಲಿ ಕುಳಿತು, ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿ, ಪೆನ್ನಿನಿಂದ ತನ್ನ ಮೊಬೈಲ್ ನಂಬರು ಬರೆಯುತ್ತಿದ್ದಳು.

‘ಅಣ್ಣ, ಇದಾದರೂ ನಮ್ಮದೇ ಅಲ್ಲವಾ?’ ಎಂದಳು.

ರೀಚಾರ್ಜ್ ಯಾವತ್ತಿಗೆ ಮುಗಿಯುತ್ತದೆ ಎಂದು ಕೇಳಿದೆ.