ಐದು ಕೈ ಎಣಿಸೂದ್ರಾಗ ಬಂದ ನಿದ್ದಿ

ಜುಲೈ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಆರೂ ಹತ್ತು ಆಗಿರಬೇಕು. ಈಜುಕೊಳದ ಕಟ್ಟೆ ಮೇಲೆ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಿದ್ದೆ. ಬ್ಯಾಕ್‌ಸ್ಟ್ರೋಕ್ ಹೊಡೆಯುತ್ತ ಬಂದ ಮಗಳು ತಿರುಗಲೇ ಇಲ್ಲ. ಬಂದ ಜೋರಿನಲ್ಲೇ ಹೋಗಿ ಗೋಡೆಗೆ ತಲೆ ಬಡಿದುಕೊಂಡಳು.

ಬ್ಯಾಕ್‌ಸ್ಟ್ರೋಕಿನವರಿಗೆ ಅಂಗಾತ ಈಜುವುದರಿಂದ ಗೋಡೆ ಕಾಣುವುದಿಲ್ಲ. ಗೋಡೆ ಇನ್ನೂ 5 ಮೀಟರ್ ಇರುವಾಗ ಮೇಲೆ ಅಡ್ಡಕ್ಕೆ ಹಗ್ಗ, ಅದಕ್ಕೆ ಬಣ್ಣದ ಪತಾಕಿ ಕಟ್ಟಿರುತ್ತಾರೆ. ಅದು ಕಣ್ಣ ಮೇಲಿಂದ ಹಾದ ಕೂಡಲೇ ಬೀಸುವ ಕೈ ಎಣಿಸಲಿಕ್ಕೆ ಶುರು ಮಾಡಬೇಕು. ನಮ್ಮವಳ ಲೆಕ್ಕ ಐದು ಕೈ. ಎರಡು ವರ್ಷದಲ್ಲಿ ಆ ಲೆಕ್ಕ ತಪ್ಪಿದ್ದು ನಾನು ನೋಡಿರಲಿಲ್ಲ.

"ಮೇಡಮ್ರೀ, ಹುಡುಗಿ ನೀರಿನ್ಯಾಗೇ ಮಲ್ಕೊಂಡಿದ್ಲು ನೋಡ್ರಿ" ಅಂತ ಕೋಚ್ ನಕ್ಕರು. ನೆತ್ತಿ ಮೇಲೆ ನಿಂಬೆಹಣ್ಣಿನಷ್ಟು ಬಾವು. ಐಸ್ ಹಿಡಿದುಕೊಂಡು ಕೇಳಿದರೆ ಅವಳು ಹೇಳಿದ್ದು ಇಷ್ಟು: "ಪತಾಕಿ ನೋಡಿದ್ದು ನೆನಪದ ಮಮ್ಮಿ, ಆಮ್ಯಾಲಿಂದು ನೆನಪಿಲ್ಲ."

ಕೋಚ್ ಚೇಷ್ಟೆಗೆ ಅಂದಿದ್ದು ನಿಜವೇ ಆಗಿತ್ತು. ಸ್ಕೂಟಿ ಮೇಲೆ ಬರುವಾಗ ಅವಳ ತಲೆ ನನ್ನ ಬೆನ್ನಿಗೆ ಕುಟ್ಟುತ್ತಲೇ ಇರುತ್ತದೆ. ಒಂದೆರಡು ಸಲ ನಮ್ಮ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಗಾಡಿ ನಿಲ್ಲಿಸಿ, ಒದ್ದೆ ಟವೆಲ್‌ನಿಂದ ಅವಳನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ಮನೆ ಮುಟ್ಟಿದ್ದೇನೆ. ನೋಡಿದವರು ಕೂಸು ಕಟ್ಟಿಕೊಂಡು ಹೊರಟಾಳ ಅಂದುಕೊಂಡಿರಬೇಕು. ಕೂಸಿಗೆ ಹದಿಮೂರು ವರ್ಷ.

ಆವತ್ತು ರಾತ್ರಿ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆದೆ. ಏಳುವುದು 4:45ಕ್ಕೆ. ನೀರಿಗೆ ಇಳಿಯುವುದು 5:30ಕ್ಕೆ. ಸಾಲಿ ಮುಗಿಸಿ ಮನೆಗೆ ಬರುವುದು ನಾಲ್ಕರ ಸುಮಾರು. ಏಳರಿಂದ ಗಣಿತದ ಟ್ಯೂಷನ್, ಬರುವಾಗ ಒಂಬತ್ತು. ರೊಟ್ಟಿ, ಹೋಂವರ್ಕ್, ಬ್ಯಾಗು ಜೋಡಿಸುವುದು ಮುಗಿದು ದೀಪ ಆರುವಾಗ ಹತ್ತೂವರೆ. ಅಂದರೆ ಆರೂಕಾಲು ಗಂಟೆ ನಿದ್ದೆ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ಬೇಕು ಅಂತ ಅಮೆರಿಕದ ನಿದ್ರಾತಜ್ಞರ ಅಕಾಡೆಮಿ 2016ರಲ್ಲೇ ಹೇಳಿದೆ. ಕಡಿಮೆಯದನ್ನೇ, ಎಂಟನ್ನೇ ಹಿಡಿದರೂ ಸೋಮವಾರದಿಂದ ಶನಿವಾರಕ್ಕೆ ಹತ್ತೂವರೆ ಗಂಟೆ ಬಾಕಿ. ಒಂದು ಇಡೀ ರಾತ್ರಿಗಿಂತ ಹೆಚ್ಚು ಉದ್ರಿ ಮಾಡಿ ಈಜುತ್ತಿದ್ದಳು ಹುಡುಗಿ.

ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಇದೇ ಹುಡುಗಿ, ಇದೇ ಐದೂವರೆ ಬ್ಯಾಚು, ಒಂದು ದಿನವೂ ತೂಕಡಿಸಿರಲಿಲ್ಲ. 100 ಮೀಟರಿನಲ್ಲಿ ಎರಡು ಸೆಕೆಂಡ್ ಇಳಿಸಿದ್ದೂ ಆಗಲೇ. ಕಾರಣ ಹುಡುಕಲು ದೂರ ಹೋಗಬೇಕಾಗಲಿಲ್ಲ. ನಾನು ಸರ್ಕಾರಿ ನೌಕರಳು. ಬ್ಯಾಸಗಿಯಲ್ಲಿ ನಮ್ಮ ಭಾಗದ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ಬಂದು ಉಂಡು, ಕೂಲರ್ ಹಚ್ಚಿ, ಮನೆ ಮಂದಿಯೆಲ್ಲ ಮಲಗುತ್ತೇವೆ. ಮನೆ ಏಕೆ, ಕಲಬುರಗಿಗೆ ಕಲಬುರಗಿಯೇ ಮಲಗುತ್ತದೆ. 42, 43 ಡಿಗ್ರಿಯಲ್ಲಿ ಹೊರಗೆ ನಾಯಿಯೂ ಅಡ್ಡಾಡುವುದಿಲ್ಲ. ಅವಳಿಗೂ ದಿನಾ ಒಂದೂವರೆ ಗಂಟೆ ನಿದ್ದೆ, ಟ್ಯೂಷನ್ ಬಂದ್. ಜೂನ್ ಬಂತು, ಸಾಲಿ ತೆರೆಯಿತು, ಆ ನಿದ್ದೆ ಹೋಯಿತು, ನೀರಿನ ಹೊತ್ತು ಮಾತ್ರ ಬದಲಾಗಲಿಲ್ಲ.

ಈ ನಸುಕಿನ ಹೊತ್ತಿಗಾಗಿ ಕೋಚ್‌ನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ತೆರೆದ ಕೊಳ, ಒಂಬತ್ತಾದರೆ ಬಿಸಿಲು. ಏಳರ ನಂತರ ದೊಡ್ಡವರ ಬ್ಯಾಚು, ಅವರ ಫೀಯಲ್ಲೇ ನೀರು ಸ್ವಚ್ಛವಾಗಬೇಕು. ಮಕ್ಕಳಿಗೆ ಖಾಲಿ ಲೇನ್ ಸಿಗುವುದು ನಸುಕಿನಲ್ಲೇ. ದೊಡ್ಡ ಊರುಗಳ ಹಣೆಬರಹವೂ ಇದೇ. ಆಸ್ಟ್ರೇಲಿಯಾದಲ್ಲಿ 2008ರ ಒಲಿಂಪಿಕ್ಸ್‌ಗೆ ತಯಾರಾಗುತ್ತಿದ್ದ ಈಜುಗಾರರ ನಿದ್ದೆ ಅಳೆದು ನೋಡಿದಾಗ, ಮರುದಿನ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ಇದ್ದರೆ ಸರಾಸರಿ 5.4 ಗಂಟೆ, ಮರುದಿನ ಬಿಡುವು ಇದ್ದರೆ 7.1 ಗಂಟೆ ಬಂದಿತ್ತು. ಒಲಿಂಪಿಕ್ಸ್ ಮಟ್ಟದವರದ್ದೇ ಹಿಂಗಾದರೆ ನಮ್ಮ ಮಕ್ಕಳದ್ದೇನು?

ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿ ಬಂದ ಮೇಲೆ ನಮ್ಮ ಕಟ್ಟೆ ಮೇಲೆ ಕೂರುವ ಪಾಲಕರಿಗೆ ಬೆಂಗಳೂರಿನದೇ ಮಾತು. ಅಲ್ಲಿಯ ಹುಡುಗರು ನಾಲ್ಕಕ್ಕೇ ಏಳ್ತಾರಂತ, ಎರಡು ಹೊತ್ತು ಈಜ್ತಾರಂತ. ಎಷ್ಟಕ್ಕೆ ಮಲಗ್ತಾರಂತ ಕೇಳಿದವರನ್ನು ನಾನಿನ್ನೂ ನೋಡಿಲ್ಲ.

"ಎಂಟೂವರಿಗೇ ಮಲಗಿಸಿ ಬಿಡ್ರಿ" ಅನ್ನುವವರಿದ್ದಾರೆ. ಟ್ಯೂಷನ್ ಇಲ್ಲದ ದಿನ ಮಾಡಿ ನೋಡಿದೆ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತ ಬಿದ್ದಿರುತ್ತಾಳೆ. ಮೊಬೈಲ್ ಕಸಿದುಕೊಂಡರೂ ಅಷ್ಟೇ. ಹರೆಯಕ್ಕೆ ಬರುವಾಗ ನಿದ್ದೆ ಬರಿಸುವ ಮೆಲಟೋನಿನ್ ಸ್ರವಿಸುವ ಹೊತ್ತೇ ಮುಂದಕ್ಕೆ ಸರಿಯುತ್ತದಂತೆ, ಒಂದೆರಡು ಗಂಟೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾರಣಕ್ಕೆ 2022ರಿಂದ ಹೈಸ್ಕೂಲು 8:30ಕ್ಕಿಂತ ಮೊದಲು ಶುರುವಾಗಬಾರದು ಅಂತ ಕಾನೂನೇ ಇದೆ. ಅತ್ತ ರಾತ್ರಿ ಬೇಗ ನಿದ್ದೆ ಬರುವುದಿಲ್ಲ, ಇತ್ತ ಬೆಳಿಗ್ಗೆ ತಡವಾಗಿ ಏಳುವಂತಿಲ್ಲ. ಉಳಿದದ್ದು ಹಗಲು ಒಂದೇ.

ಹಗಲು ನಿದ್ದೆ ಅಂದ ಕೂಡಲೇ ನಮ್ಮವರ ಮುಖ ಹೆಂಗಾಗುತ್ತದೆ ಅಂತ ನಿಮಗೆ ಗೊತ್ತು. ನನ್ನ ತವರೂರು ಅಫಜಲಪುರ ತಾಲೂಕಿನಲ್ಲಿ. ಗರಡಿಮನೆಯ ಪೈಲ್ವಾನರು ನಸುಕಿನಲ್ಲಿ ತಾಲೀಮು ಮುಗಿಸಿ, ಮಣ್ಣು ತೊಳೆದುಕೊಂಡು, ಹಾಲು ಬದಾಮಿ ಕುಡಿದು, ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ನಮ್ಮಜ್ಜ ನಮ್ಮನ್ನು ಗದರುತ್ತಿದ್ದ: "ಸಪ್ಪಳ ಮಾಡಬ್ಯಾಡ್ರಿ, ಪೈಲ್ವಾನ ಮಲಗ್ಯಾನ." ಮೈ ಕಟ್ಟುವುದು ಮಲಗಿದಾಗಲೇ ಅಂತ ಊರಿಗೆಲ್ಲ ತಿಳಿದಿತ್ತು. ಬೆಳವಣಿಗೆಯ ಹಾರ್ಮೋನು ಗಾಢ ನಿದ್ದೆಯಲ್ಲೇ ಹೆಚ್ಚು ಬರುವುದು ಅಂತ ಡಾಕ್ಟರು ಈಗ ಹೇಳುತ್ತಾರೆ. ಪೈಲ್ವಾನ ಮಲಗಿದರೆ ತಾಕತ್ತು, ಹದಿಮೂರರ ಹುಡುಗಿ ಮಲಗಿದರೆ ಸೋಮಾರಿತನ. ಟ್ಯೂಷನ್‌ನವರು ಡೈರಿಯಲ್ಲಿ ಬರೆದೇ ಕಳಿಸಿದರು: 'ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಈಜು ಬಿಡಿಸಿ.' ಓದಿ ಮೈ ಉರಿಯಿತು. ಮೊದಲು ಬಿಡಿಸಬೇಕಾದ್ದು ಈಜೇ ಯಾಕೆ?

ಈಗ ನಾಲ್ಕಕ್ಕೆ ಬಂದವಳು ಬಾಳೆಹಣ್ಣು ತಿಂದು, ಯೂನಿಫಾರ್ಮ್‌ನಲ್ಲೇ ಅಡ್ಡಾಗುತ್ತಾಳೆ. 25 ನಿಮಿಷಕ್ಕೆ ಅಲಾರಂ. ಮೊದಲ ವಾರ ಪಾಪ ಅಂತ ಎಬ್ಬಿಸದೆ ಒಂದು ಗಂಟೆ ಬಿಟ್ಟೆ. ಎದ್ದವಳು ಗಾಂಜಾ ಸೇದಿದವರಂತೆ ಅರ್ಧ ತಾಸು ಕೂತೇ ಇದ್ದಳು, ರಾತ್ರಿ ಹನ್ನೊಂದಾದರೂ ನಿದ್ದೆ ಇಲ್ಲ. ಗಾಢ ನಿದ್ದೆಗೆ ಇಳಿಯುವ ಮುಂಚೆ ಎಬ್ಬಿಸಬೇಕು, ಇಲ್ಲವೇ ರಜೆ ದಿನದಂತೆ ಒಂದೂವರೆ ಗಂಟೆ ಪೂರ್ತಿ ಬಿಡಬೇಕು. ನಡುವಿನದು ಕೆಲಸಕ್ಕೆ ಬರುವುದಿಲ್ಲ. ಮಧ್ಯಾಹ್ನ ಮೂರರೊಳಗೆ ಆದರೆ ಇನ್ನೂ ಒಳ್ಳೆಯದು, ಸಾಲಿ ಬಿಡಬೇಕಲ್ಲ.

ಅತ್ತೆಯವರದು ಬೇರೆ ತಕರಾರು. "ಹೆಣ್ಣುಮಕ್ಕಳು ದೀಪ ಹಚ್ಚೂ ಹೊತ್ತಿನ್ಯಾಗ ಮಲಗಬಾರ್ದವ್ವಾ." ನಾಲ್ಕೂವರೆಗೆ ಎಬ್ಬಿಸ್ತೀನ್ರಿ ಅತ್ತಿ, ದೀಪಕ್ಕ ಇನ್ನೂ ಎರಡು ತಾಸದ ಅಂದೆ. ಒಪ್ಪಿದರು. ಈಗ ಅಲಾರಂಗಿಂತ ಮುಂಚೆ ಅವರೇ ಹೋಗಿ "ಏಳ ನಮ್ಮವ್ವ" ಅಂತ ಎಬ್ಬಿಸುತ್ತಾರೆ. ದಿಂಬಿಗೆಲ್ಲ ಕ್ಲೋರಿನ್ ವಾಸನೆ ಅಂತ ಗೊಣಗುತ್ತಾರೆ, ಅದು ಇದ್ದದ್ದೇ.

ಕೋಚ್ ಹತ್ತಿರವೂ ಮಾತಾಡಿದೆ. ವಾರಕ್ಕೆ ಆರು ನಸುಕು ಇದ್ದದ್ದು ನಾಲ್ಕಾಯಿತು. ಬುಧವಾರ, ಶನಿವಾರ ಆರೂವರೆ ತನಕ ಮಲಗುತ್ತಾಳೆ. "ಮೀಟರ್ ಕಡಿಮಿ ಬೀಳ್ತಾವ್ರೀ" ಅಂದರು. ಬೀಳಲಿ ಅಂದೆ. ಎಂಟು ಗಂಟೆಗಿಂತ ಕಡಿಮೆ ಮಲಗುವ ಹರೆಯದ ಆಟಗಾರರಿಗೆ ಗಾಯವಾಗುವ ಸಾಧ್ಯತೆ 1.7 ಪಟ್ಟು ಅಂತ ಲಾಸ್ ಏಂಜಲೀಸಿನ ಶಾಲಾಮಕ್ಕಳ ಅಧ್ಯಯನವೊಂದು 2014ರಲ್ಲಿ ಹೇಳಿತ್ತು. ಅವರಿಗೆ ಅದನ್ನು ತೋರಿಸಿದೆ. ಅದಕ್ಕಿಂತ ನೆತ್ತಿ ಮೇಲಿನ ಬಾವೇ ಹೆಚ್ಚು ಕೆಲಸ ಮಾಡಿತು ಅಂತ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಪ್ರಾಕ್ಟೀಸ್ ಇರುವ ದಿನ ಹಗಲು ರಾತ್ರಿ ಸೇರಿ ಏಳು ಗಂಟೆ ದಾಟುವುದಿಲ್ಲ. 25 ನಿಮಿಷದ ನಿದ್ದೆಯಿಂದ ರಾತ್ರಿಯ ಬಾಕಿ ತೀರುವುದಿಲ್ಲ, ಬಡ್ಡಿ ಕಟ್ಟಿದ ಹಾಗೆ. ಅಸಲು ಸಿಕ್ಕಿಬಿದ್ದಿರುವುದು ಏಳರಿಂದ ಒಂಬತ್ತರ ಆ ಟ್ಯೂಷನ್‌ನಲ್ಲಿ. ಅವರನ್ನು ಬ್ಯಾಚ್ ಬದಲಿಸಲು ಕೇಳಿದೆ, ಆಗಲ್ಲ ಅಂದರು. ಹಾಗಾಗಿ ಕೇಳುತ್ತಿದ್ದೇನೆ: ಎಂಟನೇ ತರಗತಿ ಗಣಿತ, ಸಂಜೆ ಐದಕ್ಕೆ ಶುರುವಾಗಿ ಏಳರೊಳಗೆ ಬಿಡುವವರು ಯಾರಾದರೂ ಗೊತ್ತಿದ್ದರೆ ಹೇಳ್ರಿ. ಶರಣಬಸವೇಶ್ವರ ಗುಡಿ ಆಸುಪಾಸು ಇದ್ರ ಭಾಳ ಛಲೋ.