ಮಲ್ಲೇಶ್ವರದ ಹಿಂಬದಿ

ಪಾರ್ಸಲ್ ತಂದ ಹುಡುಗ ಹಿತ್ತಲ ಬಾಗಿಲು ಬಡಿದ. ಮುಂದೆ ಜಗಲಿ ಇದೆ, ಗೇಟಿದೆ, ಗೇಟಿನ ಮೇಲೆ ಕಣ್ಣಿಗೆ ಹೊಡೆಯುವಂಥ ನಂಬರೂ ಇದೆ. "ಮ್ಯಾಪ್ ಇಲ್ಲೇ ತೋರಿಸ್ತು ಸಾರ್" ಅಂದ. ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿ ಅವನ ಫೋನಿಗೆ ರಸ್ತೆ!

ಬೆಂಗಳೂರಿನ ಹಳೇ ಮಲ್ಲೇಶ್ವರದ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯೋಣ ಎಂದು ಕೂತಿದ್ದವನು ನಾನು. 1898ರ ಪ್ಲೇಗಿಗೆ ಹೆದರಿ ಪೇಟೆ ಬಿಟ್ಟು ಬಂದ ಸಂಸಾರಗಳು, ನೂಲು ಹಿಡಿದು ಎಳೆದಂಥ ಕ್ರಾಸುಗಳು, ಮೇಲೆ ಮರದ ಚೂಪು ಮುಸುಕು ಹೊತ್ತ ಮಂಕಿ ಟಾಪ್ ಕಿಟಕಿಗಳು, ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ. ಗಾಳಿ, ಬೆಳಕು, ಆರೋಗ್ಯ. ಎಲ್ಲ ಸರಿ. ಆದರೆ ಆ ಆರೋಗ್ಯದ ಅರ್ಧ ಲೆಕ್ಕ ಹಿತ್ತಲಲ್ಲಿತ್ತು.

ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವೆ ಈ ಗಲ್ಲಿ. ಹಿತ್ತಲ ತುದಿಯಲ್ಲಿ ಕಕ್ಕಸು, ಅದರ ಗೋಡೆಯ ಬುಡದಲ್ಲಿ ಗಲ್ಲಿಗೆ ತೆರೆಯುವ ಸಣ್ಣ ಕಿಂಡಿ. ಮಲ ಹೊರುವವರು ಆ ದಾರಿಯಲ್ಲೇ ಬಂದು ಆ ದಾರಿಯಲ್ಲೇ ಹೋಗಬೇಕು. ಜಗಲಿಯಲ್ಲಿ ಕೂತವರ ಕಣ್ಣಿಗೆ ಬೀಳಬಾರದು. ನಕ್ಷೆಯಲ್ಲೇ ಹಾಗೆ ಗೆರೆ ಎಳೆದಿದ್ದರು. ನಮ್ಮ ತಾತನಿಗೆ ಸಂಪಿಗೆ ರಸ್ತೆಯ ಅರ್ಧ ಅಂಗಡಿಯವರ ಹೆಸರು ಗೊತ್ತಿತ್ತು. ದಿನಾ ಬೆಳಗ್ಗೆ ಆ ಕಿಂಡಿಯ ಹತ್ತಿರ ತಗಡು ಕೆರೆಯುತ್ತಿದ್ದವರ ಹೆಸರು ಗೊತ್ತಿರಲಿಲ್ಲ. ಅಜ್ಜಿ ಮಾತ್ರ ಕಕ್ಕಸಿಗೆ ಹೋಗುವ ಮುಂಚೆ ಜೋರಾಗಿ ಕೆಮ್ಮುತ್ತಿದ್ದರಂತೆ. ಆ ಕಡೆಯಿಂದಲೂ ಒಂದು ಕೆಮ್ಮು ಬಂದರೆ ವಾಪಸ್ಸು ಬರುತ್ತಿದ್ದರು. ಇಷ್ಟೇ ಇಬ್ಬರ ಮಾತುಕತೆ, ವರ್ಷಗಟ್ಟಲೆ.

1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. ನಮ್ಮ ಮನೆಯ ಕಿಂಡಿಗೆ ಇಟ್ಟಿಗೆ ಬಿತ್ತು. ಆ ತೇಪೆ ಈಗಲೂ ಕಾಣುತ್ತದೆ. ಹೆರಿಟೇಜ್ ವಾಕ್ ಎಂದು ಭಾನುವಾರ ಬರುವವರು ಮಂಕಿ ಟಾಪಿಗೆ ಕ್ಯಾಮೆರಾ ಹಿಡಿದು "ಆಹಾ, ಎಂಥಾ ಕಾಲ!" ಅನ್ನುತ್ತಾರೆ. ತೇಪೆ ನೋಡಲು ಒಬ್ಬರೂ ಹಿಂದಕ್ಕೆ ಬರುವುದಿಲ್ಲ. ಕರೆದರೂ ಬರುವುದಿಲ್ಲ, ಕರೆದು ನೋಡಿದ್ದೇನೆ.

ಯಾರಿಗೂ ಬೇಡವಾಗಿದ್ದ ಗಲ್ಲಿ ಈಗ ಚದರಡಿ ಲೆಕ್ಕದಲ್ಲಿ ಎಲ್ಲರಿಗೂ ಬೇಕು. ಒಬ್ಬರು ಜನರೇಟರ್ ಇಟ್ಟಿದ್ದಾರೆ. ಇನ್ನೊಬ್ಬರು ಕೆಟ್ಟ ಕಾರಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದಾರೆ. ಪಕ್ಕದವರ ಅಡುಗೆಮನೆಯಂತೂ ಸುಮ್ನೆ ಎರಡಡಿ ಹಿಂದಕ್ಕೆ ಬೆಳೆದಿದೆ. ಇದೇನ್ರೀ ಎಂದು ಕೇಳಿದ್ದಕ್ಕೆ, "ನೀವೂ ತಗೊಳ್ಳಿ ಸಾರ್, ಯಾರು ಕೇಳ್ತಾರೆ?" ಅಂದರು.

ನನ್ನ ಹೆಂಡತಿಗೆ ಈ ಮಾತು ಯಾಕೋ ಹಿಡಿಸಿಬಿಟ್ಟಿದೆ. ವಾಷಿಂಗ್ ಮಷೀನಿಗೆ ಜಾಗವಿಲ್ಲ, ಅಲ್ವಾ?