ಬೆಲ್ಟು, ಬೂಟು, ಟೋಪಿ: ಎಲ್ಲದಕ್ಕೂ ಬೀಪ್

ಕಣ್ಣು ಕಾಣದವರು ಹಾಕಿಕೊಂಡು ನಡೆಯಲಿ ಅಂತ ಈಗ ಏನುಂಟು ಏನಿಲ್ಲ! ಎದುರಿಗೆ ಏನಾದರೂ ಅಡ್ಡ ಬಂದರೆ ಬೀಪ್ ಅನ್ನುವ ಬೆಲ್ಟು, ನಡುಗುವ ಬೂಟು, ಮಾತಾಡುವ ಕನ್ನಡಕ, ಗುಂಯ್‌ಗುಡುವ ಟೋಪಿ. ಎಲ್ಲಾ ತೊಟ್ಟು ಹೊರಟರೆ ಚಾರ್ಜರ್ ಹೊರೋದಕ್ಕೇ ಇನ್ನೊಬ್ಬರು ಬೇಕು.

ಬಿಡುಗಡೆ ಸಮಾರಂಭ ಮಾತ್ರ ಎಲ್ಲಾ ಕಡೆ ಒಂದೇ. ನುಣುಪು ನೆಲದ ಹಾಲ್, ನಡುವೆ ಮೂರು ಪ್ಲಾಸ್ಟಿಕ್ ಕುರ್ಚಿ. ಎಂಜಿನಿಯರ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಂದಕ್ಕೂ ತಾಗದೆ ದಾಟುತ್ತಾನೆ (ಕುರ್ಚಿ ಇಟ್ಟವನೂ ಅವನೇ). ಚಪ್ಪಾಳೆ. ಮುಂದಿನ ಸಾಲಲ್ಲಿ ಬಿಳಿ ಕೋಲು ಹಿಡಿದು ಕೂತ ಅತಿಥಿಗೆ ಒಂದು ಹಾರ. ನಿಮಗೇನು ಬೇಕಿತ್ತು ಅಂತ ಅವರನ್ನು ಕೇಳೋಕೆ ಟೈಮ್ ಎಲ್ಲಿದೆ, ಫೋಟೋ ಆಗಬೇಕಲ್ವಾ.

ಮೇಲೊಂದು ಬ್ಯಾನರ್, 'ಜಗತ್ತಿನಲ್ಲೇ ಮೊದಲು' ಅಂತ. ಲೆಸ್ಲಿ ಕೇ ಅನ್ನುವವರು ರೂಪಿಸಿದ ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದದಿಂದ ಅಡ್ಡ ಇರುವುದನ್ನು ಪತ್ತೆಹಚ್ಚುವ) ಕನ್ನಡಕ 1970ರ ದಶಕದಲ್ಲೇ ಮಾರಾಟಕ್ಕೆ ಬಂದಿತ್ತು, ಇರಲಿ ಬಿಡಿ.

ಸೊಂಟದ ಸೆನ್ಸರ್ ಮುಂದಕ್ಕೆ ಶಬ್ದ ಕಳಿಸುತ್ತದೆ. ಕುರ್ಚಿಗೆ ಬಡಿದರೆ ಅದು ವಾಪಸ್ ಬರುತ್ತದೆ, ಬೆಲ್ಟು ಬೀಪ್ ಅನ್ನುತ್ತದೆ. ಆದರೆ ಬಾಯಿ ತೆರೆದ ಮ್ಯಾನ್‌ಹೋಲ್ ಏನನ್ನು ವಾಪಸ್ ಕಳಿಸಬೇಕು? ಬೆಲ್ಟು ಸುಮ್ನೆ ಇರುತ್ತದೆ, ತೊಟ್ಟವರು ಒಳಗೆ ಹೋಗುತ್ತಾರೆ. ಜನ ಜಾಸ್ತಿ ಇರುವಲ್ಲಿ ಉಲ್ಟಾ: ಬೀಪ್ ನಿಲ್ಲುವುದೇ ಇಲ್ಲ, ಯಾವ ಕಡೆಯಿಂದ ಗಾಡಿ ಬರ್ತಿದೆ ಅಂತ ಕಿವಿಗೊಟ್ಟು ಕೇಳಬೇಕಾದವರ ಕಿವಿಯನ್ನೇ ಅದು ತುಂಬಿಬಿಡುತ್ತದೆ. ಇತ್ತ 1940ರ ದಶಕದಲ್ಲಿ ಅಮೆರಿಕದ ರಿಚರ್ಡ್ ಹೂವರ್ ಕಣ್ಣು ಕಳೆದುಕೊಂಡ ಸೈನಿಕರಿಗೆ ಕಲಿಸಿದ ಉದ್ದ ಕೋಲಿನ ಪಾಠ ಇವತ್ತಿಗೂ ನಡೆದಿದೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ತಟ್ಟಿ ನೋಡುತ್ತದೆ, ಅಷ್ಟೆ. ಅಪ್‌ಡೇಟ್ ಕೇಳುವುದಿಲ್ಲ.

ಹಾಗಂತ ಸೆನ್ಸರ್ ಕೆಲಸಕ್ಕೆ ಬಾರದ್ದು ಅಂತಲ್ಲ. ಹಣೆಗೆ ಬಡಿಯುವ ಕೊಂಬೆ, ತಲೆಮಟ್ಟಕ್ಕೆ ನೇತಾಡುವ ಬೋರ್ಡು ಕೋಲಿಗೆ ಸಿಗುವುದಿಲ್ಲ. ಅಲ್ಲಿ ಒಂದು ಬೀಪ್ ನಿಜಕ್ಕೂ ತಲೆ ಉಳಿಸುತ್ತದೆ. ಆದರೆ ಬೋರ್ಡು ಅಲ್ಲಿ ಯಾಕಿದೆ ಸ್ವಾಮಿ? ಕಾಲಿಗೆ ದಾರಿ ಗೊತ್ತಾಗಲಿ ಅಂತ ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಫುಟ್‌ಪಾತಿಗೆ ಹಾಸುವ ಉಬ್ಬು ಹಂಚು ಕಂಡುಹಿಡಿದರು. ಅದನ್ನು ನೇರ ಕಂಬದ ಬುಡಕ್ಕೆ ಒಯ್ದು ಮುಗಿಸಿದ ಮಹಾನುಭಾವರು ಯಾರು? ಕಂಬ ಸರಿಸೋದು ತಲೆನೋವು, ಮನುಷ್ಯನ ಸೊಂಟಕ್ಕೆ ಯಂತ್ರ ಕಟ್ಟೋದು ಸುಲಭ.

ಕಟ್ಟಲೇಬೇಕು ಅಂದರೆ ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಿ ಹೋದವನ ಸೊಂಟಕ್ಕೆ ಕಟ್ಟೋಣ. ಬಂದು ಗಾಡಿ ತೆಗೆಯುವ ತನಕ ಮೀಟಿಂಗ್‌ನಲ್ಲೂ ನಡುಗುತ್ತಿರಲಿ, ಊಟದಲ್ಲೂ ನಡುಗುತ್ತಿರಲಿ. ಬ್ಯಾಟರಿಗೆ ಬೇಕಾದರೆ ಚಂದಾ ಎತ್ತೋಣ.